ಕರುವಿನ ಕಣ್ಣಿನಲ್ಲಿ ಕೂದಲು: ಹುಟ್ಟಿನಿಂದಲೇ ಬರುವ ನೇತ್ರ ಬೆಳವಣಿಗೆಗಳನ್ನು ಕುರಿತ ಪಾಠ

(ಪಶುಪಾಲಕರು, ಪಶುಸಖಿಯರು ಹಾಗೂ ಪಶುವೈದ್ಯಕೀಯ ಸಿಬ್ಬಂದಿಯ ತಿಳಿವಳಿಕೆಗಾಗಿ)

ಹಸು ಈದ ಮನೆಯಲ್ಲಿ ಮೊದಲು ನೋಡುವುದು ಕರು ಹೆಣ್ಣೋ ಗಂಡೋ ಎಂಬುದನ್ನು. ಅನಂತರ ಅದು ಎದ್ದು ನಿಂತಿತೇ, ಕೆಚ್ಚಲಿಗೆ ಬಾಯಿ ಹಾಕಿತೇ, ಕಸ ಬಿತ್ತೇ ಎಂಬ ವಿಚಾರಣೆ. ಕರುವಿನ ಕಣ್ಣನ್ನು ಆ ಹೊತ್ತಿನಲ್ಲಿ ಯಾರೂ ನೋಡುವುದಿಲ್ಲ. ಮೂರು ನಾಲ್ಕು ದಿನಗಳಾದ ಮೇಲೆ ಒಂದು ಕಡೆಯ ಕೆನ್ನೆಯಲ್ಲಿ ನೀರು ಹರಿದ ಗೆರೆ ಕಾಣುತ್ತದೆ, ನೊಣ ಮುತ್ತುತ್ತದೆ. ಕಣ್ಣಿಗೆ ಹುಲ್ಲಿನ ಎಸಳು ಬಿದ್ದಿರಬೇಕೆಂದು ರೆಪ್ಪೆಯನ್ನು ಬಿಡಿಸಿ ನೋಡಿದರೆ, ಕರಿಗುಡ್ಡೆಯ ಮೇಲೆ ಒಂದು ತುಂಡು ಚರ್ಮ ಕುಳಿತಿರುತ್ತದೆ. ಆ ಚರ್ಮದಿಂದ ಮೈಮೇಲಿನ ಕೂದಲಿನಂತಹುದೇ ಕೂದಲಿನ ಕುಚ್ಚು ಎದ್ದು ರೆಪ್ಪೆಗಳ ನಡುವಿನಿಂದ ಹೊರಗೆ ಚಾಚಿರುತ್ತದೆ.

ಇದನ್ನು ಕಂಡವರು ಗಾಬರಿಯಾಗುವುದು ಸಹಜ. ಗ್ರಹಣ ಕಾಲದಲ್ಲಿ ಗಬ್ಬದ ಹಸುವನ್ನು ಹೊರಗೆ ಕಟ್ಟಿದ್ದರಿಂದ ಹೀಗಾಯಿತೆಂದು ಒಬ್ಬರು, ದೃಷ್ಟಿ ತಗುಲಿತೆಂದು ಇನ್ನೊಬ್ಬರು, ಇಂತಹ ಕರು ಕೊಟ್ಟಿಗೆಯಲ್ಲಿದ್ದರೆ ಒಳಿತಲ್ಲವೆಂದು ಮತ್ತೊಬ್ಬರು ಹೇಳುತ್ತಾರೆ. ಕೂದಲನ್ನು ಉಗುರಿನಿಂದಲೋ ಚಿಮಟದಿಂದಲೋ ಕೀಳುವವರಿದ್ದಾರೆ. ತುಂಬೆಯ ರಸವನ್ನೋ ಹೊಗೆಸೊಪ್ಪಿನ ರಸವನ್ನೋ ಹಿಂಡುವವರಿದ್ದಾರೆ. ಕೆಲವರು ಕರುವನ್ನು ಸಿಕ್ಕಿದ ಬೆಲೆಗೆ ದಾಟಿಸಿಬಿಡುತ್ತಾರೆ. ಆದರೆ ಈ ಕೂದಲಿನ ಹಿಂದೆ ಇರುವುದು ಬಹುಪಾಲು ಸಂದರ್ಭಗಳಲ್ಲಿ ಕೆಟ್ಟುಹೋದ ಕಣ್ಣಲ್ಲ, ಮುಚ್ಚಿಹೋದ ಕಣ್ಣು. ಇವೆರಡರ ನಡುವಿನ ವ್ಯತ್ಯಾಸವನ್ನು ಪಶುಪಾಲಕರು ಅರಿತರೆ ಒಂದು ಕರುವಿನ ದೃಷ್ಟಿ ಉಳಿಯುತ್ತದೆ.

ಕೂದಲು ಅಲ್ಲಿಗೆ ಬಂದುದು ಹೇಗೆ

ಈ ಬೆಳವಣಿಗೆಗೆ ವೈದ್ಯಕೀಯದಲ್ಲಿ ಡರ್ಮಾಯ್ಡ್ ಎಂದು ಹೆಸರು. ಚರ್ಮದಂತಹುದು ಎಂಬುದೇ ಅದರ ಅರ್ಥ. ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಿದರೆ ಇದು ಚರ್ಮವೇ ಹೌದು. ಹೊರಪದರ, ಒಳಪದರ, ಕೂದಲಿನ ಬುಡ, ಎಣ್ಣೆಯ ಗ್ರಂಥಿ, ಬೆವರಿನ ಗ್ರಂಥಿ, ಕೊಬ್ಬು ಎಲ್ಲವೂ ಅದರಲ್ಲಿರುತ್ತವೆ. ಕೆಲವೊಮ್ಮೆ ಮೃದ್ವಸ್ಥಿಯ ಚೂರೂ ಸಿಗುವುದುಂಟು. ಅಂಗಾಂಶದಲ್ಲಿ ದೋಷವಿಲ್ಲ, ಅದು ಕುಳಿತಿರುವ ಜಾಗದಲ್ಲಿ ದೋಷವಿದೆ. ಸರಿಯಾದ ಅಂಗಾಂಶವು ತಪ್ಪು ಸ್ಥಳದಲ್ಲಿ ಬೆಳೆಯುವ ಇಂತಹ ಬೆಳವಣಿಗೆಗಳನ್ನು ಕೋರಿಸ್ಟೋಮಾ ಎಂಬ ಗುಂಪಿಗೆ ಸೇರಿಸುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹರಡುವುದೂ ಇಲ್ಲ. ಕರು ಬೆಳೆದಂತೆ ತಾನೂ ಬೆಳೆಯುತ್ತದೆ, ಅಷ್ಟೆ.

ಗರ್ಭದಲ್ಲಿ ಭ್ರೂಣದ ಮೈಯನ್ನು ಹೊದೆಯುವ ಹೊರಪದರವೊಂದಿದೆ. ಮುಂದೆ ಮೈಚರ್ಮವಾಗುವುದೂ ಅದೇ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲ್ಪದರವಾಗುವುದೂ ಅದೇ. ಕಾರ್ನಿಯಾ ಆಗಬೇಕಾದ ಭಾಗಕ್ಕೆ ಚರ್ಮವಾಗಬೇಡ ಎಂಬ ರಾಸಾಯನಿಕ ಸೂಚನೆಯೊಂದು ತಕ್ಕ ಕಾಲದಲ್ಲಿ ದೊರೆಯಬೇಕು. ಆ ಸೂಚನೆ ಒಂದು ಚುಕ್ಕೆಯಷ್ಟು ಜಾಗಕ್ಕೆ ತಲುಪದಿದ್ದರೆ, ಅಥವಾ ರೆಪ್ಪೆಗಳು ರೂಪುಗೊಳ್ಳುವಾಗ ಚರ್ಮದ ತುಣುಕೊಂದು ಕಣ್ಣುಗುಡ್ಡೆಯ ಮೇಲೆ ಉಳಿದುಬಿಟ್ಟರೆ, ಆ ಜಾಗ ತನ್ನ ಹಳೆಯ ದಾರಿಯನ್ನೇ ಹಿಡಿದು ಚರ್ಮವಾಗುತ್ತದೆ. ಪ್ರಯೋಗಶಾಲೆಯ ಇಲಿಗಳಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿದೆ. ಡಿಕೆಕೆ-2 ಎಂಬ ಜೀನ್ ಇಲ್ಲದಂತೆ ಮಾಡಿದ ಇಲಿಮರಿಗಳ ಕಾರ್ನಿಯಾದ ಮೇಲೆ ಕೂದಲಿನ ಬುಡಗಳು ಮೂಡಿದವು. ಎಂದರೆ, ಕಣ್ಣಿನ ಮೇಲೆ ಕೂದಲು ಬೆಳೆಯುವುದು ಅಸಹಜವಾದ ಹೊಸ ಕ್ರಿಯೆಯಲ್ಲ. ದಿನವೂ ನಡೆಯಬೇಕಾದ ತಡೆಯೊಂದು ನಡೆಯದೆ ಹೋದದ್ದರ ಫಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮನುಷ್ಯ ಶಿಶುಗಳಲ್ಲಿಯೂ ಇದೇ ಬೆಳವಣಿಗೆ ಅಪರೂಪಕ್ಕೆ ಕಾಣಿಸುತ್ತದೆ, ಮಕ್ಕಳ ನೇತ್ರವೈದ್ಯರು ಅದನ್ನು ಇದೇ ಹೆಸರಿನಿಂದ ಕರೆದು ಇದೇ ರೀತಿಯಲ್ಲಿ ತೆಗೆಯುತ್ತಾರೆ.

ಕಾರ್ನಿಯಾ ಪಾರದರ್ಶಕವಾಗಿರುವುದಕ್ಕೆ ಕಾರಣ ಅದರಲ್ಲಿ ರಕ್ತನಾಳಗಳಿಲ್ಲದಿರುವುದು ಹಾಗೂ ಅದರ ನಾರುಗಳು ನೇಯ್ದ ಬಟ್ಟೆಯ ಎಳೆಗಳಂತೆ ಕ್ರಮವಾಗಿ ಕೂಡಿರುವುದು. ಡರ್ಮಾಯ್ಡ್ ಇದ್ದ ಕಡೆ ರಕ್ತನಾಳಗಳೂ ಬರುತ್ತವೆ, ಬಣ್ಣವೂ ಬರುತ್ತದೆ, ಪಾರದರ್ಶಕತೆ ಹೋಗುತ್ತದೆ. ಅದಕ್ಕಿಂತ ಹೆಚ್ಚು ಉಪದ್ರವ ಕೊಡುವುದು ಕೂದಲು. ರೆಪ್ಪೆ ಮುಚ್ಚಿ ತೆರೆದಾಗಲೆಲ್ಲ ಅದು ಉಳಿದ ಕಾರ್ನಿಯಾವನ್ನು ಉಜ್ಜುತ್ತದೆ. ಕಣ್ಣೀರು ಸುರಿಯುತ್ತದೆ, ಗೀಜು ಕಟ್ಟುತ್ತದೆ, ಕರು ಕಣ್ಣು ಕಿರಿದು ಮಾಡಿಕೊಂಡು ಬೆಳಕಿಗೆ ಮುಖ ತಿರುಗಿಸುತ್ತದೆ. ಹಾಗೆಯೇ ಬಿಟ್ಟರೆ ಹುಣ್ಣಾಗಿ, ಡರ್ಮಾಯ್ಡ್ ಮುಚ್ಚದೆ ಉಳಿಸಿದ್ದ ಭಾಗವೂ ಮಂಜಾಗುತ್ತದೆ. ಹುಟ್ಟಿದಾಗ ಇದ್ದ ದೃಷ್ಟಿ ಆರು ತಿಂಗಳಿಗೆ ಇಲ್ಲವಾಗುವುದು ಈ ಮಾರ್ಗದಲ್ಲಿ.

ಕಾಡುಪ್ರಾಣಿಯೊಂದರ ಉದಾಹರಣೆ

ಅಮೆರಿಕದ ಟೆನ್ನೆಸ್ಸಿ ರಾಜ್ಯದ ಫ್ಯಾರಗಟ್ ಎಂಬ ಊರಿನ ಬೀದಿಯಲ್ಲಿ 2020ರ ಆಗಸ್ಟ್ ತಿಂಗಳಲ್ಲಿ ಬಿಳಿಬಾಲದ ಗಂಡು ಜಿಂಕೆಯೊಂದು ಜನರ ಭಯವಿಲ್ಲದೆ, ದಿಕ್ಕು ತಿಳಿಯದಂತೆ ಅಲೆಯುತ್ತಿತ್ತು. ಅದರ ಎರಡು ಕಣ್ಣುಗಳ ಮೇಲೂ ದಟ್ಟವಾದ ಕೂದಲಿನ ಚರ್ಮ ಹರಡಿತ್ತು. ಅದರ ಶರೀರಭಾಗಗಳನ್ನು ಜಾರ್ಜಿಯಾ ವಿಶ್ವವಿದ್ಯಾಲಯದ ವನ್ಯಜೀವಿ ರೋಗ ಅಧ್ಯಯನ ಘಟಕವು ಪರಿಶೀಲಿಸಿತು. ಎರಡೂ ಕಾರ್ನಿಯಾಗಳ ಮೇಲೆ ಇದ್ದುದು ಡರ್ಮಾಯ್ಡ್ ಎಂದೂ, ಆ ಕೂದಲಿನ ಹೊದಿಕೆಯ ಹಿಂದೆ ಕಣ್ಣಿನ ಉಳಿದ ರಚನೆ ಸಹಜವಾಗಿಯೇ ಇತ್ತೆಂದೂ ಕಂಡುಬಂತು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಆ ಜಿಂಕೆ ಮರಿಯಲ್ಲ, ಒಂದು ವರ್ಷ ದಾಟಿದ ಪ್ರಾಣಿ. ಹಗಲು ರಾತ್ರಿಗಳ ವ್ಯತ್ಯಾಸಕ್ಕಿಂತ ಹೆಚ್ಚೇನೂ ಕಾಣದ ಸ್ಥಿತಿಯಲ್ಲಿ ಅದು ಅಷ್ಟು ಕಾಲ ಬದುಕಿತ್ತು. ಮೂಗು, ಕಿವಿ ಹಾಗೂ ಹಿಂಡಿನ ಆಸರೆಯಿಂದಲೇ ಇರಬೇಕು. ಎರಡನೆಯದು, ಅದಕ್ಕೆ ಬೇರೊಂದು ಸೋಂಕೂ ತಗುಲಿತ್ತು. ಕುರಿಗಳಲ್ಲಿ ನಮಗೆ ಪರಿಚಿತವಾದ ನೀಲಿನಾಲಿಗೆ ರೋಗಕ್ಕೆ ಹತ್ತಿರದ, ಅದರಂತೆಯೇ ಸಣ್ಣ ನೊಣಗಳಿಂದ ಹರಡುವ ರಕ್ತಸ್ರಾವದ ವೈರಾಣು ಸೋಂಕು ಅದು. ಜಿಂಕೆಯ ವಿಚಿತ್ರ ವರ್ತನೆಗೆ ಕುರುಡುತನವೊಂದೇ ಕಾರಣವಲ್ಲ. ಆದುದರಿಂದ ಕಾಡಂಚಿನ ಗ್ರಾಮಗಳಲ್ಲಿ ಜಿಂಕೆ, ಕಡವೆಗಳ ಮರಿ ಕಣ್ಣು ಕಾಣದಂತೆ ಅಲೆಯುವುದು ಕಂಡರೆ ಅದನ್ನು ಹಿಡಿಯಲು, ತೊಳೆಯಲು, ಕೂದಲು ಕತ್ತರಿಸಲು ಹೋಗಬಾರದು. ಅರಣ್ಯ ಇಲಾಖೆಗೆ ತಿಳಿಸಬೇಕು. ವನ್ಯಪ್ರಾಣಿಯನ್ನು ಮನೆಗೆ ತಂದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಕಾಡಿನಲ್ಲಿ ಇಂತಹ ಪ್ರಕರಣಗಳು ಅಪರೂಪಕ್ಕೆ ಕಾಣಿಸುವುದರಿಂದ ಅಲ್ಲಿ ಅವು ಕಡಿಮೆಯೆಂದು ಭಾವಿಸಬೇಕಾಗಿಲ್ಲ. ಕಣ್ಣು ಕಾಣದ ಮರಿ ಮನುಷ್ಯನ ಕಣ್ಣಿಗೆ ಬೀಳುವ ಮೊದಲೇ ಬೇಟೆಯ ಪ್ರಾಣಿಯ ಕಣ್ಣಿಗೆ ಬಿದ್ದಿರುತ್ತದೆ.

ಸಾಕುಪ್ರಾಣಿಗಳಲ್ಲಿ

ನಾಯಿಗಳಲ್ಲಿ ಜರ್ಮನ್ ಶೆಫರ್ಡ್, ಸೇಂಟ್ ಬರ್ನಾರ್ಡ್, ಡ್ಯಾಶ್‌ಹಂಡ್ ಮುಂತಾದ ತಳಿಗಳಲ್ಲಿಯೂ, ಬೆಕ್ಕುಗಳಲ್ಲಿ ಬರ್ಮೀಸ್ ಹಾಗೂ ಬರ್ಮನ್ ತಳಿಗಳಲ್ಲಿಯೂ ಡರ್ಮಾಯ್ಡ್ ಹೆಚ್ಚಾಗಿ ವರದಿಯಾಗಿದೆ. ನಾಯಿಯಲ್ಲಿ ಸಾಮಾನ್ಯವಾಗಿ ಕಣ್ಣಿನ ಹೊರತುದಿಯ ಕಡೆ, ಕರಿಗುಡ್ಡೆ ಬಿಳಿಗುಡ್ಡೆಗಳು ಕೂಡುವ ಅಂಚಿನಲ್ಲಿ ಇರುತ್ತದೆ. ಕುದುರೆಗಳಲ್ಲಿ ವಿರಳ.

ದನಗಳ ವಿಚಾರಕ್ಕೆ ಬಂದರೆ, ಇಂಗ್ಲೆಂಡ್ ಮೂಲದ ಬಿಳಿಮುಖದ ಹಿಯರ್‌ಫರ್ಡ್ ತಳಿಯಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತದೆ. ಎರಡೂ ಕಣ್ಣುಗಳಲ್ಲಿ ಇರುವುದೂ ಆ ತಳಿಯಲ್ಲಿ ಪ್ರಸಿದ್ಧ. ಅದು ನಮ್ಮಲ್ಲಿ ಸಾಕುವ ತಳಿಯಲ್ಲ. ಭಾರತದ ಪಶುವೈದ್ಯರು ವರದಿ ಮಾಡಿರುವುದರಲ್ಲಿ ಜೆರ್ಸಿ, ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ ಕರುಗಳು ಹಲವಿದ್ದು, ನಾಟಿ ಕರುಗಳೂ ಎಮ್ಮೆಕರುಗಳೂ ಇವೆ. ಕರುವಿನಲ್ಲಿ ಡರ್ಮಾಯ್ಡ್ ಕಾರ್ನಿಯಾದ ಮೇಲೆ ಮಾತ್ರವೇ ಇರಬೇಕೆಂದಿಲ್ಲ. ಬಿಳಿಗುಡ್ಡೆಯ ಮೇಲಿನ ಪದರದಲ್ಲಿ, ರೆಪ್ಪೆಯ ಅಂಚಿನಲ್ಲಿ, ಒಳಮೂಲೆಯ ಮೂರನೆಯ ರೆಪ್ಪೆಯ ಮೇಲೆ ಕೂಡ ಇರಬಹುದು. ಮೂರನೆಯ ರೆಪ್ಪೆಯ ಮೇಲಿರುವುದು ಸುಲಭವಾಗಿ ಕಣ್ತಪ್ಪಿಹೋಗುತ್ತದೆ. ಒಂದು ಕಣ್ಣಿನಲ್ಲಿ ಕಂಡಾಗ ಇನ್ನೊಂದನ್ನೂ ರೆಪ್ಪೆ ಬಿಡಿಸಿ ನೋಡುವುದು ಕಡ್ಡಾಯ.

ಡರ್ಮಾಯ್ಡ್ ಅಲ್ಲದ್ದು

ಕಣ್ಣು ಬೆಳ್ಳಗಾದುದನ್ನೆಲ್ಲ ಹಳ್ಳಿಯಲ್ಲಿ ಹೂವು ಬಿದ್ದಿದೆ ಎನ್ನುವ ರೂಢಿಯಿದೆ. ಈ ಒಂದು ಮಾತಿನೊಳಗೆ ನಾಲ್ಕಾರು ಬೇರೆ ಬೇರೆ ತೊಂದರೆಗಳು ಅಡಗಿವೆ. ಚಿಕಿತ್ಸೆಯೂ ಬೇರೆ ಬೇರೆ.

ಹುಟ್ಟಿದಾಗ ಚೆನ್ನಾಗಿದ್ದ ಕಣ್ಣು ಕೆಲವು ದಿನಗಳಲ್ಲಿ ಕೆಂಪಾಗಿ, ನೀರು ಸುರಿದು, ನಡುವೆ ಬಿಳಿಯಾಗುತ್ತ ಹೋದರೆ, ಅದರಲ್ಲೂ ಕೊಟ್ಟಿಗೆಯ ಹಲವು ದನಗಳಿಗೆ ಒಂದೇ ಸಮಯದಲ್ಲಿ ಹಾಗಾದರೆ, ಅದು ಮೊರಾಕ್ಸೆಲ್ಲಾ ಎಂಬ ಸೂಕ್ಷ್ಮಾಣುವಿನಿಂದ ಬರುವ ಸಾಂಕ್ರಾಮಿಕ ಕಣ್ಣುಬೇನೆಯಾಗಿರಬಹುದು. ಮೂರನೆಯ ರೆಪ್ಪೆಯ ಹಿಂದೆ ದಾರದಂತೆ ಬೆಳ್ಳನೆಯ ಹುಳುಗಳು ಹರಿದಾಡಿದರೆ ಅದು ನೊಣಗಳಿಂದ ಹರಡುವ ಥೆಲೇಜಿಯಾ. ಕಣ್ಣುಗುಡ್ಡೆಯ ಒಳಗಿನ ನೀರಿನಲ್ಲಿಯೇ ಹುಳು ಈಜುತ್ತಿದ್ದರೆ ಸಿಟೇರಿಯಾ. ಇದು ಹೊರಗಿನ ಹನಿಗಳಿಗೆ ಬಗ್ಗುವುದಿಲ್ಲ, ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕು. ವಯಸ್ಸಾದ ದನದ ಕಣ್ಣಿನಲ್ಲಿ, ವಿಶೇಷವಾಗಿ ಕಣ್ಣಿನ ಸುತ್ತ ಬಿಳಿ ಬಣ್ಣವಿರುವ ದನದಲ್ಲಿ, ಹೂಕೋಸಿನಂತೆ ಒಡೆದು ರಕ್ತ ಒಸರುವ ಗಂಟು ಹೊಸದಾಗಿ ಎದ್ದರೆ ಕ್ಯಾನ್ಸರ್ ಸಂಶಯಪಡಬೇಕು. ಗಬ್ಬದಲ್ಲಿ ತಾಯಿಗೆ ಹಸಿರು ಮೇವು ಸಿಗದೆ ವಿಟಮಿನ್ ಎ ಕೊರತೆಯಾದರೆ ಕರು ಕುರುಡಾಗಿಯೇ ಹುಟ್ಟಬಹುದು. ಆಗ ಕಣ್ಣಿನ ಮೇಲೆ ಯಾವ ಬೆಳವಣಿಗೆಯೂ ಕಾಣುವುದಿಲ್ಲ.

ಡರ್ಮಾಯ್ಡಿನ ಗುರುತು ಇವೆಲ್ಲಕ್ಕಿಂತ ಸರಳ. ಹುಟ್ಟಿದ ದಿನದಿಂದಲೇ ಇರುತ್ತದೆ, ಚರ್ಮದಂತೆ ಕಾಣುತ್ತದೆ, ಬಹುಮಟ್ಟಿಗೆ ಕೂದಲಿರುತ್ತದೆ, ರೆಪ್ಪೆಯನ್ನು ಸರಿಸಿದರೂ ಗುಡ್ಡೆಗೆ ಅಂಟಿಕೊಂಡೇ ಇರುತ್ತದೆ.

ದೃಷ್ಟಿ ಇದೆಯೇ ಎಂದು ನೋಡುವ ಬಗೆ

ಕೈಯನ್ನು ಕಣ್ಣಿನ ಮುಂದೆ ಬೀಸಿ, ರೆಪ್ಪೆ ಮಿಟುಕಿಸದಿದ್ದರೆ ಕುರುಡು ಎಂದು ತೀರ್ಮಾನಿಸುವುದು ಎಳೆಗರುವಿನಲ್ಲಿ ತಪ್ಪು. ಬೀಸಿದ ಕೈಗೆ ಬೆದರಿ ಕಣ್ಣು ಮುಚ್ಚುವುದು ಕಲಿತು ಬರುವ ವರ್ತನೆ. ಹುಟ್ಟಿದ ಮೊದಲ ದಿನಗಳಲ್ಲಿ ಪೂರ್ಣ ದೃಷ್ಟಿಯಿರುವ ಕರುವೂ ಮಿಟುಕಿಸದೆ ಇರಬಹುದು. ಈ ಒಂದು ತಪ್ಪು ಪರೀಕ್ಷೆಯಿಂದಲೇ ಕಣ್ಣುಳ್ಳ ಕರು ಕುರುಡೆನಿಸಿಕೊಂಡು ಮಾರಾಟಕ್ಕೆ ಹೋಗುವ ಸಾಧ್ಯತೆಯಿದೆ.

ಅದಕ್ಕೆ ಬದಲು ಮಬ್ಬು ಬೆಳಕಿನ ಕೊಟ್ಟಿಗೆಯಲ್ಲಿ ಟಾರ್ಚ್ ಹಿಡಿದು, ಡರ್ಮಾಯ್ಡ್ ಮುಚ್ಚದ ಸಂದಿನಿಂದ ಪಾಪೆ ಕಾಣುವುದಾದರೆ ಅದು ಬೆಳಕಿಗೆ ಕುಗ್ಗುತ್ತದೆಯೇ ಎಂದು ನೋಡಬೇಕು. ಪಾಪೆಯೇ ಕಾಣದಷ್ಟು ದೊಡ್ಡ ಬೆಳವಣಿಗೆಯಾಗಿದ್ದರೆ, ಬಾಧಿತ ಕಣ್ಣಿಗೆ ಬೆಳಕು ಬಿಟ್ಟು ಇನ್ನೊಂದು ಕಣ್ಣಿನ ಪಾಪೆಯನ್ನು ಗಮನಿಸಬಹುದು. ಒಂದು ಕಣ್ಣಿಗೆ ಬಿದ್ದ ಬೆಳಕಿಗೆ ಇನ್ನೊಂದರ ಪಾಪೆಯೂ ಸ್ವಲ್ಪ ಕುಗ್ಗುತ್ತದೆ. ಕುಗ್ಗಿದರೆ, ಕೂದಲಿನ ಹಿಂದಿನ ಅಕ್ಷಿಪಟಲ ಮತ್ತು ನರ ಬೆಳಕನ್ನು ಗ್ರಹಿಸುತ್ತಿವೆ ಎಂದು ಅರ್ಥ. ಕುಗ್ಗುವುದು ಕಾಣದ ಮಾತ್ರಕ್ಕೆ ನಿರಾಶೆ ಬೇಡ. ದಪ್ಪನೆಯ ಚರ್ಮ ಟಾರ್ಚಿನ ಬೆಳಕನ್ನೇ ತಡೆದಿರಬಹುದು. ಗುಡ್ಡೆ ತೀರ ಚಿಕ್ಕದಾಗಿದ್ದರೆ ಮಾತ್ರ ಒಳರಚನೆಯಲ್ಲಿಯೂ ದೋಷವಿರುವ ಸಂಭವವುಂಟು, ವೈದ್ಯರು ಅಲ್ಟ್ರಾಸೌಂಡ್ ಮೂಲಕ ತಿಳಿಯಬಲ್ಲರು.

ಚಿಕಿತ್ಸೆ

ಯಾವ ಹನಿ, ಮುಲಾಮು, ರಸದಿಂದಲೂ ಡರ್ಮಾಯ್ಡ್ ಕರಗುವುದಿಲ್ಲ. ಚರ್ಮ ಕರಗುವುದೆಂತು? ಕೂದಲನ್ನು ಕಿತ್ತರೆ ಬುಡ ಉಳಿಯುವುದರಿಂದ ಮತ್ತೆ ಬರುತ್ತದೆ. ಕತ್ತರಿಸಿದರೆ ಉಳಿಯುವ ಮೊಂಡು ತುದಿಗಳು ಉದ್ದ ಕೂದಲಿಗಿಂತ ಹೆಚ್ಚು ಚುಚ್ಚುತ್ತವೆ. ಹೊಗೆಸೊಪ್ಪಿನ ರಸ, ಉಪ್ಪುನೀರು, ಬಳೆಚೂರಿನ ಪುಡಿ ಮೊದಲಾದುವು ಆರೋಗ್ಯದ ಕಾರ್ನಿಯಾವನ್ನು ಸುಡುತ್ತವೆ. ಇನ್ನೊಂದು ಅಪಾಯ ಔಷಧ ಅಂಗಡಿಯಿಂದ ಬರುತ್ತದೆ. ಕೆಂಪು ಇಳಿಯಲೆಂದು ಕೊಡುವ ಕೆಲವು ಹನಿಗಳಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್‌ನಂತಹ ಸ್ಟಿರಾಯ್ಡ್ ಇರುತ್ತದೆ. ಕೂದಲು ಉಜ್ಜಿ ಹುಣ್ಣಾದ ಕಣ್ಣಿಗೆ ಅದನ್ನು ಹಾಕಿದರೆ ಹುಣ್ಣು ಆಳವಾಗಿ ಕಣ್ಣು ತೂತಾಗಲೂಬಹುದು.

ಪರಿಹಾರ ಶಸ್ತ್ರಚಿಕಿತ್ಸೆ. ಡರ್ಮಾಯ್ಡ್ ಕುಳಿತಿರುವ ಕಾರ್ನಿಯಾದ ಮೇಲ್ಪದರವನ್ನು ಅದರ ಸಮೇತ ತೆಳುವಾಗಿ ಸುಲಿದು ತೆಗೆಯುವುದು ಇದರ ವಿಧಾನ. ಕರುವನ್ನು ಮಲಗಿಸಿ, ಮಂಪರಿನ ಚುಚ್ಚುಮದ್ದು ನೀಡಿ, ಕಣ್ಣಿನ ಸುತ್ತಲ ನರಗಳಿಗೆ ಲಿಗ್ನೋಕೇನ್ ಕೊಟ್ಟು ಸ್ಪರ್ಶವಿಲ್ಲದಂತೆ ಮಾಡುತ್ತಾರೆ. ದನಗಳು ಜೈಲಜಿನ್ ಎಂಬ ಮಂಪರಿನ ಔಷಧಕ್ಕೆ ಬಹು ಸೂಕ್ಷ್ಮ. ಕುದುರೆಗೆ ಕೊಡುವ ಪ್ರಮಾಣದ ಸುಮಾರು ಹತ್ತನೆಯ ಒಂದು ಭಾಗ ಅವುಗಳಿಗೆ ಸಾಕು. ಆದುದರಿಂದ ಕರುವಿನ ತೂಕವನ್ನು ಅಂದಾಜಿನಲ್ಲಿ ಹೇಳದೆ ಅಳೆದೇ ತಿಳಿಸಬೇಕು. ಅಂದು ಎಷ್ಟು ಹೊತ್ತು ಹಾಲು, ಮೇವು ಕೊಡಬಾರದು ಎಂಬುದನ್ನೂ ವೈದ್ಯರಿಂದ ಮೊದಲೇ ಕೇಳಿ ಪಾಲಿಸಬೇಕು. ಗುಡ್ಡೆಯನ್ನು ಜಗ್ಗಿದಾಗ ಹೃದಯದ ಬಡಿತ ನಿಧಾನವಾಗುವ ಸ್ವಭಾವವಿರುವುದರಿಂದ ಶಸ್ತ್ರಚಿಕಿತ್ಸೆಯುದ್ದಕ್ಕೂ ಒಬ್ಬರು ನಾಡಿಯನ್ನು ಗಮನಿಸುತ್ತಿರುವುದು ಉತ್ತಮ.

ಅನಂತರ ಡರ್ಮಾಯ್ಡನ್ನು ಚಿಮಟದಿಂದ ಎತ್ತಿ ಹಿಡಿದು ಅಲಗಿನಿಂದ ಅಂಚಿನ ಸುತ್ತ ಬಿಡಿಸುತ್ತ ಹೋಗುತ್ತಾರೆ. ಕಾರ್ನಿಯಾದ ದಪ್ಪ ಒಂದೆರಡು ಮಿಲಿಮೀಟರ್ ಮೀರುವುದಿಲ್ಲ. ಆಳ ಹೆಚ್ಚಾದರೆ ಕಣ್ಣು ಒಡೆಯುತ್ತದೆ, ಕಡಿಮೆಯಾದರೆ ಕೂದಲಿನ ಬುಡ ಉಳಿದು ಮರಳಿ ಬೆಳೆಯುತ್ತದೆ. ಇದು ಕೊಟ್ಟಿಗೆಯಲ್ಲಿ ದನ ಬಿಗಿದು ಬ್ಲೇಡಿನಿಂದ ಮಾಡುವ ಕೆಲಸವಲ್ಲವೆಂದು ಹೇಳಬೇಕಾಗಿರುವುದು ವಿಷಾದದ ಸಂಗತಿ, ಆದರೂ ಹೇಳಲೇಬೇಕಾಗಿದೆ. ಗಾಯ ಒಣಗುವವರೆಗೆ ಕಣ್ಣಿಗೆ ಆಸರೆಯಾಗಲೆಂದು ಕೆಲವು ವೈದ್ಯರು ಮೂರನೆಯ ರೆಪ್ಪೆಯನ್ನು ಎಳೆದು ಹೊಲಿದಿರುತ್ತಾರೆ. ಮನೆಯವರು ಕಣ್ಣು ಮುಚ್ಚಿಹೋಯಿತೆಂದು ಭಯಪಟ್ಟು ಆ ಹೊಲಿಗೆ ಬಿಚ್ಚಬಾರದು.

ಮನೆಗೆ ಬಂದ ಮೇಲಿನ ಎರಡು ಮೂರು ವಾರಗಳ ಆರೈಕೆ ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯ. ಸೂಚಿಸಿದ ಪ್ರತಿಜೀವಕ ಹನಿಯನ್ನು ದಿನಕ್ಕೆ ಹಲವು ಬಾರಿ ಹಾಕಬೇಕಾಗುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಕರೆಯುವ ಹೊತ್ತಿಗೆ ಹಾಕಿ ಮುಗಿಸಿದರೆ ಸಾಲದು, ಏಕೆಂದರೆ ಕಣ್ಣೀರು ಔಷಧವನ್ನು ಬೇಗ ತೊಳೆದುಬಿಡುತ್ತದೆ. ಕರು ಕಣ್ಣನ್ನು ಗೂಟಕ್ಕೆ, ಗೋದಲಿಗೆ ಉಜ್ಜದಂತೆ ಕಟ್ಟಬೇಕು, ನೆರಳಿನಲ್ಲಿಡಬೇಕು, ನೊಣ ಕೂರದಂತೆ ನೋಡಬೇಕು. ಗಾಯವಿದ್ದ ಜಾಗದಲ್ಲಿ ಮಂಜಿನಂತಹ ಕಲೆ ಉಳಿಯುತ್ತದೆ. ಬೆಳವಣಿಗೆ ಕಾರ್ನಿಯಾದ ನಡುವಿನಲ್ಲಿದ್ದರೆ ಕಲೆಯೂ ನಡುವೆಯೇ ಉಳಿದು ದೃಷ್ಟಿಗೆ ಸ್ವಲ್ಪ ಅಡ್ಡವಾಗಬಹುದು, ಅಂಚಿನಲ್ಲಿದ್ದರೆ ತೊಂದರೆ ಕಡಿಮೆ. ಎರಡೂ ಸಂದರ್ಭಗಳಲ್ಲಿ ಉಜ್ಜುವ ನೋವು ನಿಲ್ಲುತ್ತದೆ.

ಯಾವ ವಯಸ್ಸಿನಲ್ಲಿ ಮಾಡಿಸಬೇಕು? ಹುಟ್ಟಿದ ಮರುದಿನವೇ ಆಗಬೇಕಾದ ಅವಸರವಿಲ್ಲ, ಕರು ಗಿಣ್ಣುಹಾಲು ಕುಡಿದು ಗಟ್ಟಿಯಾಗಲಿ. ಆದರೆ ಕೆಲವು ವಾರಗಳೊಳಗೆ ವೈದ್ಯರಿಗೆ ತೋರಿಸಿ ದಿನ ಗೊತ್ತುಮಾಡಿಕೊಳ್ಳುವುದು ಲೇಸು. ಕಣ್ಣಿನಲ್ಲಿ ಈಗಾಗಲೇ ಹುಣ್ಣಿದ್ದರೆ ಕಾಯಬಾರದು. ಮೊದಲು ಹತ್ತಿರದ ಪಶು ಚಿಕಿತ್ಸಾಲಯಕ್ಕೆ ತೋರಿಸಬೇಕು, ಅಥವಾ 1962ಕ್ಕೆ ಕರೆಮಾಡಿ ಪಶು ಸಂಜೀವಿನಿ ಸಂಚಾರಿ ಘಟಕದ ಸಲಹೆ ಪಡೆಯಬೇಕು. ಅಲ್ಲಿ ಸಾಧ್ಯವಾಗದ ಪ್ರಕರಣಗಳನ್ನು ಪಾಲಿಕ್ಲಿನಿಕ್‌ಗೆ, ಇಲ್ಲವೆ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯಗಳ ಆಸ್ಪತ್ರೆಗೆ ಕಳುಹಿಸಬಹುದು.

ತಳಿ ಮತ್ತು ದಾಖಲೆ

ಒಂದು ಕರುವಿನಲ್ಲಿ ಡರ್ಮಾಯ್ಡ್ ಕಂಡ ಮಾತ್ರಕ್ಕೆ ಅದು ವಂಶದಿಂದ ಬಂತೆಂದು ಹೇಳಲಾಗದು. ಬಿಡಿ ಪ್ರಕರಣಗಳೇ ಹೆಚ್ಚು. ಆದರೆ ವಂಶಪಾರಂಪರ್ಯವಾಗಿ ಬರುವ ಕಡೆಗಳಲ್ಲಿ ದೋಷವು ಅಡಗಿ ಬರುವ ಸ್ವಭಾವದ್ದು. ಅಡಗಿದ ದೋಷವನ್ನು ತಂದೆ ತಾಯಿ ಇಬ್ಬರೂ ಹೊತ್ತಿದ್ದರೆ ಅವುಗಳ ಕಣ್ಣು ಸ್ವಚ್ಛವಾಗಿಯೇ ಇರುತ್ತದೆ, ಅವುಗಳಿಗೆ ಹುಟ್ಟುವ ನಾಲ್ಕು ಕರುಗಳಲ್ಲಿ ಸರಾಸರಿ ಒಂದರಲ್ಲಿ ದೋಷ ಹೊರಬೀಳುತ್ತದೆ. ಇದರಿಂದ ಹೋರಿಯ ಕಣ್ಣನ್ನು ನೋಡಿ ನಿರ್ಣಯಿಸಲು ಬರುವುದಿಲ್ಲ, ಅದರ ಕರುಗಳ ಕಣ್ಣನ್ನು ನೋಡಬೇಕು.

ವೀರ್ಯ ಸಂಗ್ರಹಣಾ ಕೇಂದ್ರಗಳಲ್ಲಿ ಹೋರಿಗಳನ್ನು ಕೆಲವು ಆನುವಂಶಿಕ ದೋಷಗಳಿಗಾಗಿ ಪರೀಕ್ಷಿಸುತ್ತಾರೆ. ಡರ್ಮಾಯ್ಡ್‌ಗೆ ಅಂತಹ ಪರೀಕ್ಷೆ ಬಳಕೆಯಲ್ಲಿಲ್ಲ. ಒಂದೇ ಹೋರಿಯ ವೀರ್ಯದಿಂದ ಬೇರೆ ಬೇರೆ ತಾಲ್ಲೂಕುಗಳಲ್ಲಿ ಹುಟ್ಟಿದ ಎರಡು ಮೂರು ಕರುಗಳಿಗೆ ಹೀಗಾಗಿದ್ದರೂ, ಪ್ರತಿಯೊಬ್ಬರೂ ತಮ್ಮ ಮನೆಯ ದುರದೃಷ್ಟವೆಂದು ಸುಮ್ಮನಿದ್ದರೆ ಅದು ಎಂದಿಗೂ ಬೆಳಕಿಗೆ ಬಾರದು. ಆದಕಾರಣ ಕರುವಿನ ಕಣ್ಣನ್ನು ತೋರಿಸಲು ಬಂದವರಿಂದ ತಾಯಿಯ ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಗರ್ಭಧಾರಣೆಯ ದಿನಾಂಕ, ವೀರ್ಯದ ನಳಿಕೆಯ ಮೇಲಿದ್ದ ಹೋರಿಯ ಸಂಖ್ಯೆ, ಬಾಧಿತವಾದುದು ಎಡಗಣ್ಣೋ ಬಲಗಣ್ಣೋ ಎಂಬ ವಿವರಗಳನ್ನು ಸಿಬ್ಬಂದಿಯು ಚಿಕಿತ್ಸಾ ವಹಿಯಲ್ಲಿ ಬರೆದುಕೊಂಡು, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡುವುದು ಅಗತ್ಯ. ಊರ ಹೋರಿಯಿಂದ ಕಟ್ಟಿದ್ದಾದರೆ ಆ ಹೋರಿ ಯಾರದೆಂದು ಬರೆಯಬೇಕು. ಅದರ ಎರಡನೆಯ ಕರುವಿನಲ್ಲಿಯೂ ಕಂಡರೆ ಹೋರಿಯ ಬೀಜ ಒಡೆಸುವುದು ಒಳ್ಳೆಯದು.

ಡರ್ಮಾಯ್ಡ್ ತೆಗೆಸಿದ ಹೆಣ್ಣುಕರುವನ್ನು ಹಾಲಿಗಾಗಿ ಸಾಕಲು ಯಾವ ಅಡ್ಡಿಯೂ ಇಲ್ಲ, ಹಾಲಿಗೂ ಕಣ್ಣಿಗೂ ಸಂಬಂಧವಿಲ್ಲ. ಅದನ್ನು ಅದರ ತಂದೆಯ ಸಂಬಂಧದ ಹೋರಿಗೆ ಕಟ್ಟಿಸಬಾರದು, ಅಷ್ಟೆ. ಗಂಡುಕರುವನ್ನು ಗೇಯಲು ಬೆಳೆಸಬಹುದು, ಬೀಜದ ಹೋರಿಯಾಗಿ ಉಳಿಸಿಕೊಳ್ಳಬಾರದು. ಶಸ್ತ್ರಚಿಕಿತ್ಸೆಯಿಂದ ಕಣ್ಣು ಶುದ್ಧವಾದರೂ ಅದರ ಬೀಜದಲ್ಲಿರಬಹುದಾದ ದೋಷ ಅಲ್ಲಿಯೇ ಇರುತ್ತದೆ. ಕೊಳ್ಳುವವರಿಗೆ ಇದನ್ನು ಮುಚ್ಚಿಟ್ಟು ಮಾರುವುದು ತರವಲ್ಲ.

ಸತ್ತು ಹುಟ್ಟಿದ ಕರುವಾದರೆ, ಹೂಳುವ ಮುನ್ನ ಅದರ ಎರಡೂ ರೆಪ್ಪೆಗಳನ್ನು ಬಿಡಿಸಿ ನೋಡಿ, ಕಂಡದ್ದನ್ನು ಅದೇ ವಹಿಯಲ್ಲಿ ತಾಯಿಯ ಸಂಖ್ಯೆಯ ಮುಂದೆ ಬರೆಸತಕ್ಕದ್ದು.